ಜೋಗಕ್ಕೆ ಇಬ್ಬರೇ ಹೊರಟಾಗ

"ಜೋಗಕ್ಕೆ ಯಾವಾಗ ಹೋದರೆ ನೀರು ಚೆನ್ನಾಗಿರುತ್ತೆ?" ಪ್ರವಾಸದ ಮಾತು ಬಂದಾಗಲೆಲ್ಲ ಪರಿಚಯದವರು ಮೊದಲು ಕೇಳುವುದು ಇದನ್ನೇ. ಮಳೆಗಾಲದಲ್ಲಿ ಎಂದು ಉತ್ತರಿಸಿದರೆ ಅರ್ಧ ಮಾತ್ರ ಹೇಳಿದಂತಾಗುತ್ತದೆ. ಜೋಗದ ನೀರು ಮಳೆಯನ್ನು ಎಷ್ಟು ನೆಚ್ಚಿಕೊಂಡಿದೆಯೋ ಲಿಂಗನಮಕ್ಕಿ ಅಣೆಕಟ್ಟನ್ನೂ ಅಷ್ಟೇ ನೆಚ್ಚಿಕೊಂಡಿದೆ. ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಜಲಪಾತಕ್ಕಿಂತ ಸುಮಾರು 6 ಕಿ.ಮೀ. ಮೇಲೆ ಅವಳಿಗೆ ಅಡ್ಡಲಾಗಿ ಕಟ್ಟಿದ ಈ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಅಲ್ಲಿ ನಿಂತ ನೀರು ಕಾಲುವೆ ಹಿಡಿದು ತಲಕಳಲೆ ಜಲಾಶಯಕ್ಕೆ ಹೋಗುತ್ತದೆ. ಅಲ್ಲಿಂದ ಕೊಳವೆಗಳಲ್ಲಿ ಇಳಿದು, 1,035 ಮೆಗಾವ್ಯಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರದ ಟರ್ಬೈನುಗಳನ್ನು ತಿರುಗಿಸುತ್ತದೆ. ಆ ನೀರು ಜೋಗದ ಬಂಡೆಯನ್ನು ಮುಟ್ಟುವುದೇ ಇಲ್ಲ, ಬಳಸಿಕೊಂಡು ಹೋಗಿಬಿಡುತ್ತದೆ.

ಇದು ಗೊತ್ತಿದ್ದರೆ ತಿಂಗಳು ಆರಿಸುವುದು ಸುಲಭ. ಜೂನ್ ಕೊನೆಯಿಂದ ಜುಲೈವರೆಗೆ ಜಲಪಾತದಲ್ಲಿ ಧುಮುಕುವುದು ಬಹುಪಾಲು ಅಣೆಕಟ್ಟಿನ ಕೆಳಗೆ ಬಿದ್ದ ಮಳೆಯ ನೀರು. ಎರಡು ದಿನ ಜಡಿಮಳೆ ಹಿಡಿದರೆ ತುಂಬಿಕೊಳ್ಳುತ್ತದೆ, ಮಳೆ ಬಿಟ್ಟರೆ ಇಳಿಯುತ್ತದೆ. ಜಲಾಶಯದ ಗರಿಷ್ಠ ಮಟ್ಟ 1,819 ಅಡಿ. ಒಳ್ಳೆ ಮಳೆಯಾದ ವರ್ಷ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಅದರ ಹತ್ತಿರ ಬಂದಾಗ ಗೇಟು ತೆರೆಯುತ್ತಾರೆ. ಆಗ ನಾಲ್ಕು ಕವಲು ಕಲೆತು ಇಡೀ ಬಂಡೆಯೇ ನೀರಾಗುತ್ತದೆ. ಎಲ್ಲ ವರ್ಷವೂ ಹೀಗಾಗುವುದಿಲ್ಲ. ಮಳೆಗಾಲದಲ್ಲಿ ನಮ್ಮ ಪತ್ರಿಕೆಗಳು ದಿನವೂ ಜಲಾಶಯಗಳ ಮಟ್ಟ ಅಚ್ಚು ಹಾಕುತ್ತವಲ್ಲ, ಆ ಪಟ್ಟಿಯಲ್ಲಿ ಲಿಂಗನಮಕ್ಕಿಯ ಸಾಲನ್ನು ಹೊರಡುವ ಎರಡು ವಾರ ಮುಂಚಿನಿಂದಲೇ ನೋಡುತ್ತ ಬನ್ನಿ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ನೀರು ತೆಳುವಾದರೂ ಆಕಾಶ ತಿಳಿಯಾಗಿ ನಾಲ್ಕೂ ಕವಲು ಬೇರೆ ಬೇರೆಯಾಗಿ ಕಾಣುತ್ತವೆ. ಜನವರಿ ದಾಟಿದ ಮೇಲೆ ಹೋಗುವವರು ಬಂಡೆ ನೋಡಲು ಹೋಗುತ್ತಿದ್ದೇವೆ ಎಂದೇ ತಿಳಿದು ಹೋಗಬೇಕು. ಆ ಬಂಡೆಗೂ ಒಂದು ಗಾಂಭೀರ್ಯ ಇದೆ. ಆದರೆ ಬೆಂಗಳೂರಿನಿಂದ 400 ಕಿ.ಮೀ. ಕಾರು ಓಡಿಸಿಕೊಂಡು ಬಂದ ಜೋಡಿಗೆ ಮೊದಲ ಸಲವೇ ಅದನ್ನು ತೋರಿಸಲು ನನಗೆ ಮನಸ್ಸಿಲ್ಲ. ಆಗಸ್ಟ್ ಕೊನೆಯ ವಾರದಿಂದ ಸೆಪ್ಟೆಂಬರ್ ಮುಗಿಯುವುದರೊಳಗೆ, ಶನಿವಾರ ಭಾನುವಾರ ಬಿಟ್ಟು ಯಾವುದಾದರೂ ದಿನ ಎಂದು ನಾನು ಹೇಳುತ್ತೇನೆ. ಸ್ವಾತಂತ್ರ್ಯ ದಿನದ ಆಚೀಚಿನ ರಜೆಗಳನ್ನು ತಪ್ಪಿಸಿ. ಆಗ ತಾಳಗುಪ್ಪದಿಂದಲೇ ವಾಹನಗಳ ಸಾಲು ಶುರುವಾಗುತ್ತದೆ.

ಎರಡನೆಯ ಮಾತು ಇನ್ನೂ ಮುಖ್ಯವಾದದ್ದು, ಅದನ್ನು ಇಬ್ಬರೂ ಮನೆಯಲ್ಲೇ ಕೂತು ತೀರ್ಮಾನಿಸಬೇಕು. ಜೋಗದಲ್ಲಿ ಒಂದು ರಾತ್ರಿ ಉಳಿಯಿರಿ. ಬೆಳಿಗ್ಗೆ ಹೊರಟು ಮಧ್ಯಾಹ್ನ ಜಲಪಾತ ನೋಡಿ ಸಂಜೆಗೆ ಮುರುಡೇಶ್ವರ ಸೇರುವ ಯೋಜನೆಯನ್ನು ಬಹಳ ಜನ ಹಾಕಿಕೊಳ್ಳುತ್ತಾರೆ. ಆದರೆ ನೀರು ಅತಿ ಹೆಚ್ಚಿರುವ ದಿನಗಳಲ್ಲೇ ಮಂಜೂ ಅತಿ ಹೆಚ್ಚು. ಎದುರಿಗೆ 253 ಮೀಟರ್, ಅಂದರೆ 830 ಅಡಿಯ ಜಲಪಾತ ಮೊರೆಯುತ್ತಿರುತ್ತದೆ, ಕಣ್ಣಿಗೆ ಬಿಳಿ ಗೋಡೆ ಬಿಟ್ಟು ಬೇರೇನೂ ಇಲ್ಲ. "ಸ್ವಲ್ಪ ತಡೀರಿ, ಬಿಡುತ್ತೆ" ಎನ್ನುತ್ತಾರೆ ಜೋಳ ಸುಡುವವರು. ಅವರ ಮಾತು ನಿಜ. ಗಾಳಿ ತಿರುಗಿ ಮಂಜು ಸರಿದಾಗ ಎರಡು ನಿಮಿಷ, ಕೆಲವೊಮ್ಮೆ ಹತ್ತು ನಿಮಿಷ ಎಲ್ಲವೂ ತೆರೆದುಕೊಳ್ಳುತ್ತದೆ, ಮತ್ತೆ ಮುಚ್ಚುತ್ತದೆ. ಆ ಹೊತ್ತಿಗೆ ಗಡಿಯಾರ ನೋಡಿಕೊಂಡು ಬಂದವರು ಕಾರಿನತ್ತ ಹೊರಟಿರುತ್ತಾರೆ.

ಗಂಡಹೆಂಡತಿಯ ನಡುವೆ ಬೇಸರ ಹುಟ್ಟುವುದೂ ಇಲ್ಲೇ. ಒಬ್ಬರಿಗೆ ನೋಡಿದ್ದಾಯಿತು, ಇನ್ನೊಬ್ಬರಿಗೆ ಇನ್ನೂ ನೋಡಲು ಶುರುವೇ ಆಗಿಲ್ಲ. ನಮ್ಮನೆಯವರಿಗೆ ಒಂದು ಕಡೆ ನಿಂತರೆ ಕಾಲು ಕೀಳಲು ಮನಸ್ಸು ಬರುವುದಿಲ್ಲ, ನನಗೆ ಮುಂದಿನ ದಾರಿಯ ಯೋಚನೆ. ಉಳಿಯುವ ಕೋಣೆ ಹತ್ತಿರದಲ್ಲೇ ಇದ್ದರೆ ಈ ಜಗ್ಗಾಟಕ್ಕೆ ಎಡೆಯೇ ಇರುವುದಿಲ್ಲ. ಒಬ್ಬರು ಹೋಗಿ ಮಲಗಬಹುದು, ಇನ್ನೊಬ್ಬರು ಕಟಾಂಜನ ಹಿಡಿದು ನಿಲ್ಲಬಹುದು. ಸಂಜೆ ಕಾಣದಿದ್ದದ್ದು ಬೆಳಿಗ್ಗೆ ಆರೂವರೆಗೆ ಕಾಣಬಹುದು. ಜಲಪಾತದ ಪಕ್ಕದಲ್ಲೇ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಗೇರುಸೊಪ್ಪ ಹೋಟೆಲು ಇದೆ. ಮಳೆಗಾಲದಲ್ಲಿ ತಿಂಗಳ ಮುಂಚೆಯೇ ಕಾದಿರಿಸುವುದು ಒಳ್ಳೆಯದು. ಅಲ್ಲಿ ಸಿಗದಿದ್ದರೆ ತಾಳಗುಪ್ಪ, ಸಾಗರ, ಸಿದ್ದಾಪುರದ ಸುತ್ತ ಅಡಿಕೆ ತೋಟಗಳ ನಡುವೆ ಹೋಮ್‌ಸ್ಟೇಗಳಿವೆ. ಅವರಿಗೆ ಕರೆ ಮಾಡಿದಾಗ ಬಾಡಿಗೆಗಿಂತ ಮುಂಚೆ ಕೇಳಬೇಕಾದದ್ದು ಒಂದಿದೆ: ಮಳೆ ಹಿಡಿದಾಗ ನಮ್ಮ ಕಾರು ನಿಮ್ಮ ಅಂಗಳದವರೆಗೆ ಬರುತ್ತದೆಯೇ? ಎಷ್ಟೋ ಮನೆಗಳ ಕೊನೆಯ ಅರ್ಧ ಮೈಲಿ ಮಣ್ಣಿನ ಇಳಿಜಾರು. ಇಬ್ಬರ ಗುರುತಿನ ಚೀಟಿಯೂ ಜತೆಗಿರಲಿ, ಎಲ್ಲ ಕಡೆಯೂ ಕೇಳುತ್ತಾರೆ.

ದಾರಿ

ಬೆಂಗಳೂರಿನಿಂದ ತುಮಕೂರು, ಗುಬ್ಬಿ, ತಿಪಟೂರು, ಅರಸೀಕೆರೆ, ಬಾಣಾವರ, ಕಡೂರು, ಬೀರೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಆನಂದಪುರ, ಸಾಗರ, ತಾಳಗುಪ್ಪ, ಜೋಗ. ದಾರಿ ತಪ್ಪುವ ಮಾತೇ ಇಲ್ಲ. ಬೆಳಿಗ್ಗೆ ಐದೂವರೆಗೆ ಮನೆ ಬಿಟ್ಟರೆ ನೆಲಮಂಗಲದ ಲಾರಿಗಳು ಎಚ್ಚರಗೊಳ್ಳುವ ಮುಂಚೆ ದಾಟಿಕೊಳ್ಳಬಹುದು. ತುಮಕೂರಿಗೆ ಮೊದಲು ಸಿಗುವ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಹೊರಟರೆ ಮಧ್ಯಾಹ್ನದವರೆಗೆ ಹೊಟ್ಟೆಯ ಚಿಂತೆ ಇಲ್ಲ. ತುಮಕೂರು ಬಿಟ್ಟ ಮೇಲೆ ಇಕ್ಕೆಲದಲ್ಲೂ ತೆಂಗು. ತಿಪಟೂರಿನ ಕೊಬ್ಬರಿ ಮಾರುಕಟ್ಟೆ ಈ ಸೀಮೆಯ ಜೀವ. ಇಬ್ಬರಿಗೂ ಕಾರು ಓಡಿಸಲು ಬರುವುದಾದರೆ ಇಲ್ಲಿ ಬದಲಾಯಿಸಿಕೊಳ್ಳಿ. ಎರಡು ಗಂಟೆಗೊಮ್ಮೆ ಚಾಲಕರು ಬದಲಾಗುವುದು ನಮ್ಮಲ್ಲಿ ಕಟ್ಟುನಿಟ್ಟಿನ ನಿಯಮ. ಪಕ್ಕದ ಸೀಟಿನವರು ನಿದ್ದೆ ಮಾಡುವ ಹಾಗಿಲ್ಲ ಎಂಬುದು ಅದಕ್ಕೆ ಸೇರಿದ ಇನ್ನೊಂದು ನಿಯಮ.

ಶಿವಮೊಗ್ಗದವರೆಗಿನ ದಾರಿಯಲ್ಲಿ ಒಂದೇ ಕಡೆ ನಿಲ್ಲುವಷ್ಟು ಸಮಯವಿದ್ದರೆ ಅಮೃತಾಪುರವನ್ನು ಆರಿಸಿಕೊಳ್ಳಿ. ತರೀಕೆರೆಯಿಂದ ಹತ್ತು ಕಿ.ಮೀ. ಆಸುಪಾಸು ಒಳಗೆ ಹೋದರೆ ಹೊಯ್ಸಳ ಎರಡನೇ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ದಂಡನಾಯಕ ಅಮಿತಯ್ಯ ಕಟ್ಟಿಸಿದ ಅಮೃತೇಶ್ವರ ದೇವಾಲಯ ಸಿಗುತ್ತದೆ. ಹೊಯ್ಸಳ ಶಿಲ್ಪಿಗಳಲ್ಲಿ ದೊಡ್ಡ ಹೆಸರಾದ ಮಲ್ಲಿತಮ್ಮನ ಆರಂಭದ ಕೆಲಸ ಇಲ್ಲಿಯದು. ತೆರೆದ ಮಂಟಪದ ಹೊರಗೋಡೆಯಲ್ಲಿ ರಾಮಾಯಣ, ಮಹಾಭಾರತ, ಭಾಗವತದ ಕಥೆಗಳನ್ನು ಚೌಕ ಚೌಕವಾಗಿ ಕೆತ್ತಿದ್ದಾರೆ. ಬೇಲೂರು ಹಳೇಬೀಡಿನ ಜನಜಂಗುಳಿ ಇಲ್ಲಿಲ್ಲ. ಇಬ್ಬರೇ ನಿಂತು ಒಂದೊಂದೇ ಚೌಕದ ಕಥೆ ಗುರುತಿಸುತ್ತ ಸುತ್ತು ಹಾಕಬಹುದು. ಇದಕ್ಕೆ ಒಂದೂವರೆ ಗಂಟೆ ಬೇಕು, ಆ ಸಮಯವನ್ನು ಧಾರಾಳವಾಗಿ ಕೊಡಿ.

ಶಿವಮೊಗ್ಗ ಸುಮಾರು 300 ಕಿ.ಮೀ. ಇಲ್ಲಿ ಊಟ ಮುಗಿಸಿ, ಪೆಟ್ರೋಲು ತುಂಬಿಸಿ, ಚಕ್ರಗಳ ಗಾಳಿ ನೋಡಿಸಿಕೊಳ್ಳಿ. ಮುಂದಿನ ನೂರು ಕಿ.ಮೀ. ಬೇರೆಯದೇ ರಸ್ತೆ. ಆಯನೂರು, ಕುಂಸಿ ದಾಟುತ್ತಿದ್ದಂತೆ ಕಾಡು ಹತ್ತಿರ ಬರುತ್ತದೆ, ತಿರುವುಗಳು ಹೆಚ್ಚುತ್ತವೆ, ಮಳೆ ಯಾವ ಮುನ್ಸೂಚನೆಯೂ ಇಲ್ಲದೆ ಗಾಜಿಗೆ ಬಡಿಯುತ್ತದೆ. ವೈಪರಿನ ರಬ್ಬರು ಹಳೆಯದಾಗಿದ್ದರೆ ಹೊರಡುವ ಮುಂಚೆಯೇ ಬದಲಾಯಿಸಿ. ಮಧ್ಯಾಹ್ನವಾದರೂ ದೀಪ ಹಾಕಿಯೇ ಓಡಿಸಿ. ಕತ್ತಲಾದ ಮೇಲೆ ಈ ದಾರಿ ಬೇಡ, ದನಗಳು ರಸ್ತೆಯ ಮೇಲೇ ಮಲಗಿರುತ್ತವೆ.

ಆನಂದಪುರದ ಹತ್ತಿರ ಮಲಂದೂರಿನಲ್ಲಿ ಚಂಪಕ ಸರಸು ಎಂಬ ಕೊಳ ಇದೆ. ಜಂಬಿಟ್ಟಿಗೆಯ ಮೆಟ್ಟಿಲು, ನಡುವೆ ಪುಟ್ಟ ಗುಡಿ. ಕೆಳದಿಯ ವೆಂಕಟಪ್ಪ ನಾಯಕ ಚಂಪಕ ಎಂಬ ಹುಡುಗಿಯನ್ನು ಮೆಚ್ಚಿ ಮದುವೆಯಾದನೆಂದೂ, ಊರ ಜನ ಒಪ್ಪದೆ ರಾಣಿಯೂ ನೊಂದಾಗ ಚಂಪಕ ಪ್ರಾಣ ಬಿಟ್ಟಳೆಂದೂ, ಅವಳ ನೆನಪಿಗೆ ಅರಸ ಈ ಕೊಳ ಕಟ್ಟಿಸಿದನೆಂದೂ ಇಲ್ಲಿಯವರು ಹೇಳುತ್ತಾರೆ. ಹೂಳು ತುಂಬಿ ಹಾಳುಬಿದ್ದಿದ್ದ ಕೊಳವನ್ನು ಈಚಿನ ವರ್ಷಗಳಲ್ಲಿ ಜೀರ್ಣೋದ್ಧಾರ ಮಾಡಿದ್ದಾರೆ. ಕಥೆಯಲ್ಲಿ ಅರಸನ ಪ್ರೀತಿಯನ್ನಷ್ಟೇ ಎಲ್ಲರೂ ಹೊಗಳುತ್ತಾರೆ. ನನಗೆ ಆ ಕೊಳದ ಬಳಿ ನಿಂತಾಗಲೆಲ್ಲ ಇಬ್ಬರು ಹೆಂಗಸರ ಸಂಕಟವೇ ಮನಸ್ಸಿಗೆ ಬರುತ್ತದೆ.

ಜಲಪಾತದ ಎದುರು

ಮುಖ್ಯ ವೀಕ್ಷಣಾ ಸ್ಥಳ ಸಾಗರದ ಕಡೆಯಿಂದ ಬರುವಾಗಲೇ ಸಿಗುತ್ತದೆ. ಎಡದಿಂದ ಬಲಕ್ಕೆ ರಾಜ, ರೋರರ್, ರಾಕೆಟ್, ರಾಣಿ. ರಾಜ ಎಲ್ಲೂ ತಡೆಯಿಲ್ಲದೆ ಒಂದೇ ಕಂಬವಾಗಿ ನೇರ ಇಳಿಯುತ್ತಾನೆ. ರೋರರ್ ಬಂಡೆಗಳ ನಡುವೆ ಅಬ್ಬರಿಸುತ್ತ ಓರೆಯಾಗಿ ಬಂದು ಅರ್ಧದಲ್ಲಿ ರಾಜನನ್ನು ಕೂಡುತ್ತದೆ. ರಾಕೆಟ್ ಬಂಡೆಯ ಚಾಚಿಗೆ ಬಡಿದು ಚಿಮ್ಮಿ ಚಿಮ್ಮಿ ಬೀಳುತ್ತದೆ. ರಾಣಿ ಕಲ್ಲಿನ ಮೈಗೆ ಅಂಟಿಕೊಂಡು ನೊರೆಯ ಸೆರಗು ಹರಡಿದಂತೆ ಜಾರುತ್ತಾಳೆ. ಒಂದೊಂದನ್ನೇ ಬೇರೆ ಬೇರೆಯಾಗಿ ನೋಡಿ. ಒಂದು ಕವಲಿನ ಮೇಲೆ ಕಣ್ಣು ನೆಟ್ಟು, ಒಂದು ಮುದ್ದೆ ನೀರು ಮೇಲಿಂದ ಹೊರಟು ತಳದ ಹನಿಮೋಡದಲ್ಲಿ ಕಣ್ಮರೆಯಾಗುವವರೆಗೆ ಹಿಂಬಾಲಿಸಿದರೆ ಮಾತ್ರ ಎತ್ತರದ ಅಂದಾಜು ಸಿಗುತ್ತದೆ. ಫೋಟೊದಲ್ಲಿ ಅದು ಸಿಗುವುದಿಲ್ಲ. ಬಿಸಿಲು ಬೆನ್ನಿಗೆ ಬಿದ್ದು ಎದುರಿಗೆ ಹನಿ ತೇಲುತ್ತಿದ್ದರೆ ಕಾಮನಬಿಲ್ಲು ಮೂಡುತ್ತದೆ, ಮಳೆ ನಿಂತ ಹೊತ್ತು ನೋಡಿಕೊಂಡು ನಿಲ್ಲಿ.

ಇನ್ನೊಂದು ನೋಟ ಹೊಳೆಯ ಆಚೆ ದಡದಿಂದ. ಒಂದು ಕಾಲದಲ್ಲಿ ಶರಾವತಿಯೇ ಮೈಸೂರು ಸಂಸ್ಥಾನಕ್ಕೂ ಮುಂಬಯಿ ಪ್ರಾಂತ್ಯಕ್ಕೂ ಗಡಿ. ಹಾಗಾಗಿ ಈಚೆ ಮೈಸೂರು ಬಂಗಲೆ, ಆಚೆ ಬಾಂಬೆ ಬಂಗಲೆ. ಇಂದೂ ಈಚೆ ಶಿವಮೊಗ್ಗ ಜಿಲ್ಲೆ, ಆಚೆ ಉತ್ತರ ಕನ್ನಡ. ಸೇತುವೆ ದಾಟಿ ಬಾಂಬೆ ಬಂಗಲೆ ಎಂದು ಕೇಳಿದರೆ ದಾರಿ ತೋರಿಸುತ್ತಾರೆ. ಅಲ್ಲಿಂದ ಕಣಿವೆ ಪಕ್ಕದಿಂದ ಕಾಣುತ್ತದೆ, ಬೀಳುವ ನೀರಿನ ದಪ್ಪ ತಿಳಿಯುವುದು ಅಲ್ಲಿಂದಲೇ. ಆದರೆ ಬೇಲಿ ದಾಟಿ ರಾಜನ ನೆತ್ತಿಯ ಬಂಡೆಗಳ ಮೇಲೆ ಹೋಗಬೇಡಿ. ಪಾಚಿ ಕಟ್ಟಿದ ಕಲ್ಲು, ಯಾವ ಕ್ಷಣದಲ್ಲಾದರೂ ಏರುವ ಹೊಳೆ, ಮುಂದೆ 830 ಅಡಿ. ಸಿನಿಮಾಗಳಲ್ಲಿ ನೋಡಿದ ಹಾಗೆ ಅಂಚಿನಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವ ಆಸೆ ಇದ್ದರೆ ಒಬ್ಬರು ಇನ್ನೊಬ್ಬರನ್ನು ತಡೆಯಲೇಬೇಕು. ಜತೆಗೆ ಬಂದವರ ಕೆಲಸ ಅದು.

ತಳಕ್ಕೆ ಇಳಿಯಲು ಸುಮಾರು 1,400 ಮೆಟ್ಟಿಲುಗಳಿವೆ. ಮಳೆಗಾಲದಲ್ಲಿ ಇವನ್ನು ಮುಚ್ಚಿರುತ್ತಾರೆ, ಅದು ಸರಿಯಾದದ್ದೇ. ತೆರೆದಿರುವ ದಿನಗಳಲ್ಲಿ ಇಳಿಯುವುದು ಸಲೀಸು, ಹತ್ತುವಾಗ ಅದರ ಎರಡರಷ್ಟು ಹೊತ್ತು ಹಿಡಿಯುತ್ತದೆ. ಮೊಣಕಾಲು ನೋವಿರುವವರು ಮೇಲೇ ಇರಲಿ, ಇಳಿದವರಿಗಾಗಿ ಒಂದು ಬಾಟಲಿ ನೀರು ಹಿಡಿದುಕೊಂಡು. ಈಚಿನ ವರ್ಷಗಳಲ್ಲಿ ಜೋಗದಲ್ಲಿ ದೊಡ್ಡ ಪ್ರಮಾಣದ ಅಭಿವೃದ್ಧಿ ಕಾಮಗಾರಿ ನಡೆಯುತ್ತಿದ್ದು, 2025ರ ಆರಂಭದ ತಿಂಗಳುಗಳಲ್ಲಿ ಪ್ರವಾಸಿಗರಿಗೆ ಪ್ರವೇಶವನ್ನೇ ನಿಲ್ಲಿಸಿದ್ದರು. ಹೊರಡುವ ಹಿಂದಿನ ದಿನ ಹೋಟೆಲಿಗೆ ಒಂದು ಕರೆ ಮಾಡಿ ಕೇಳಿಬಿಡಿ.

ಕೊಡೆಯನ್ನು ನಂಬಬೇಡಿ, ಕಣಿವೆಯ ಗಾಳಿಗೆ ಅದು ತಿರುಗಿಕೊಳ್ಳುತ್ತದೆ. ತೊಟ್ಟುಕೊಳ್ಳುವ ರೇನ್‌ಕೋಟೇ ಸರಿ. ಇನ್ನೊಂದು ಜತೆ ಚಪ್ಪಲಿ, ಎರಡು ದಪ್ಪ ಟವೆಲು, ಫೋನಿಗೆ ಪ್ಲಾಸ್ಟಿಕ್ ಚೀಲ. ಹುಲ್ಲಿನಲ್ಲಿ, ತೋಟದಲ್ಲಿ ಓಡಾಡಿದರೆ ಉಂಬಳ ಹತ್ತುತ್ತದೆ. ಒಂದು ಬಟ್ಟೆಯಲ್ಲಿ ಉಪ್ಪು ಕಟ್ಟಿಟ್ಟುಕೊಂಡಿದ್ದು ಮುಟ್ಟಿಸಿದರೆ ಬಿಡುತ್ತದೆ, ಕಿತ್ತು ಎಳೆಯಬೇಡಿ. ಮೊಬೈಲ್ ಸಿಗ್ನಲ್ ಎಲ್ಲ ಕಡೆ ಇರುವುದಿಲ್ಲ, ಕೈಯಲ್ಲಿ ನೋಟುಗಳಿರಲಿ. ಕೋತಿಗಳಿಗೆ ತಿನ್ನಲು ಏನನ್ನೂ ಕೊಡಬೇಡಿ.

ಮುಳುಗಡೆಯ ನಾಡು

ಜೋಗದ ಸುತ್ತಲಿನ ಹಳ್ಳಿಗಳಲ್ಲಿ ಹಿರಿಯರ ಜತೆ ಮಾತಿಗೆ ಕೂತರೆ 'ಮುಳುಗಡೆ' ಎಂಬ ಮಾತು ಬಂದೇ ಬರುತ್ತದೆ. ಲಿಂಗನಮಕ್ಕಿಗೆ ಮೊದಲೇ, 1940ರ ದಶಕದಲ್ಲಿ, ಹಿರೇಭಾಸ್ಕರದ ಅಣೆಕಟ್ಟು ಬಂದಿತ್ತು. ದೊಡ್ಡ ಅಣೆಕಟ್ಟಿನ ನೀರಿನಲ್ಲಿ ಆ ಹಳೆಯ ಅಣೆಕಟ್ಟೂ ಮುಳುಗಿತು, ಅದರ ಜತೆಗೆ ಗದ್ದೆ, ತೋಟ, ದೇವಸ್ಥಾನ, ಊರುಗಳೂ. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಹಳೆಯ ಅಣೆಕಟ್ಟು ಮತ್ತೆ ತಲೆ ಎತ್ತುತ್ತದೆ. ನಾಡಿಗೆಲ್ಲ ಬೆಳಕು ಕೊಟ್ಟವರಲ್ಲಿ ಎಷ್ಟೋ ಕುಟುಂಬಗಳು ತಮ್ಮ ಹೊಸ ಜಮೀನಿನ ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಅಲೆದಿವೆ. ಸಾಗರದಲ್ಲೇ ಬಾಳಿದ ನಾ. ಡಿಸೋಜ ಅವರ 'ದ್ವೀಪ' ಮತ್ತು 'ಮುಳುಗಡೆ' ಕಾದಂಬರಿಗಳಲ್ಲಿ ಒಂದನ್ನಾದರೂ ಓದಿಕೊಂಡು, ಅಥವಾ 'ದ್ವೀಪ'ವನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ಮಾಡಿದ ಸಿನಿಮಾ ನೋಡಿಕೊಂಡು ಹೋಗಿ. ಹಿನ್ನೀರು ಆಮೇಲೆ ಬರೀ ಚೆಂದದ ನೀರಾಗಿ ಕಾಣುವುದಿಲ್ಲ. ಈಗ ಇದೇ ಕಣಿವೆಯಲ್ಲಿ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪವಿದೆ, ಸಿಂಗಳೀಕಗಳ ಕಾಡಿಗೆ ಕುತ್ತು ಎಂದು ಪರಿಸರಾಸಕ್ತರು ವಿರೋಧಿಸುತ್ತಿದ್ದಾರೆ. ಶರಾವತಿಯಿಂದ ಇನ್ನೆಷ್ಟು ಕೇಳಬಹುದು ಎಂಬುದು ನನಗೂ ಕಾಡುವ ಪ್ರಶ್ನೆ.

ಹಿನ್ನೀರನ್ನು ಹತ್ತಿರದಿಂದ ನೋಡಲು ಸಾಗರದಿಂದ ಸಿಗಂದೂರಿನ ದಾರಿ ಹಿಡಿಯಿರಿ. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಲಾಂಚಿನಲ್ಲಿ ಕಾರು ಸಮೇತ ದಾಟಬೇಕಾಗಿತ್ತು. 2025ರ ಜುಲೈನಲ್ಲಿ ಎರಡು ಕಿ.ಮೀ.ಗಿಂತ ಉದ್ದದ ಸೇತುವೆ ತೆರೆದಿದೆ. ಪ್ರವಾಸಿಗರಿಗೆ ಲಾಂಚಿನ ಸೊಗಸು ಹೋಯಿತೆಂದು ಬೇಸರ ಇರಬಹುದು. ರಾತ್ರಿ ಹೆರಿಗೆ ನೋವು ಬಂದರೆ ಲಾಂಚಿಗಾಗಿ ಬೆಳಗಿನವರೆಗೆ ಕಾಯಬೇಕಾಗಿದ್ದ ತುಮರಿ ಕಡೆಯ ಹೆಂಗಸರನ್ನು ನೆನೆದರೆ ಆ ಬೇಸರ ನಿಲ್ಲುವುದಿಲ್ಲ.

ಸಾಗರದಲ್ಲಿ ಅರ್ಧ ದಿನವಾದರೂ ಇರಿ. ಇಕ್ಕೇರಿಯೂ ಕೆಳದಿಯೂ ಹತ್ತು ಕಿ.ಮೀ. ಒಳಗೇ ಇವೆ. ಎರಡೂ ಕೆಳದಿ ಅರಸರ ರಾಜಧಾನಿಯಾಗಿದ್ದ ಊರುಗಳು. ಇಕ್ಕೇರಿಯ ಅಘೋರೇಶ್ವರ ದೇವಾಲಯದಲ್ಲಿ ಗರ್ಭಗುಡಿಯ ಎದುರು ನೆಲದ ಮೇಲೆ ಅರಸರು ನಮಸ್ಕರಿಸುವ ಭಂಗಿಯ ಕೆತ್ತನೆಗಳಿವೆ, ಅವನ್ನು ತಪ್ಪದೆ ಹುಡುಕಿ. ಕೆಳದಿಯ ವೀರಭದ್ರ ದೇವಾಲಯದ ಮಾಳಿಗೆಯಲ್ಲಿ ಗಂಡಭೇರುಂಡ ಇದೆ, ತಲೆ ಎತ್ತಿ ನೋಡಬೇಕು. ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್‌ನಲ್ಲಿ ಆ ಸಂಜೆ ನಾಟಕವೇನಾದರೂ ಇದೆಯೇ ಎಂದು ವಿಚಾರಿಸಿ. ಇದ್ದರೆ ಉಳಿದ ಕಾರ್ಯಕ್ರಮವನ್ನೆಲ್ಲ ಬದಿಗಿಟ್ಟು ಹೋಗಿ.

ಊಟದ ವಿಷಯ ಹೇಳಲೇಬೇಕು. ಹೋಮ್‌ಸ್ಟೇಯವರಿಗೆ ಹೋಟೆಲಿನ ಊಟ ಬೇಡ, ನಿಮ್ಮ ಮನೆಗೆ ಮಾಡಿಕೊಳ್ಳುವುದೇ ಇರಲಿ ಎಂದು ಮೊದಲೇ ತಿಳಿಸಿ. ಮಳೆಗಾಲದಲ್ಲಿ ಪತ್ರೊಡೆ, ಕಳಲೆ ಪಲ್ಯ, ಒಂದೆಲಗದ ತಂಬುಳಿ, ಕುಡಿಯಲು ಅಪ್ಪೆಹುಳಿ. ಬೋರಲು ಮಡಕೆಯ ಬೆನ್ನ ಮೇಲೆ ಅಕ್ಕಿಹಿಟ್ಟು, ಕಬ್ಬಿನ ಹಾಲು ಕಲಸಿದ ತೆಳು ಹಿಟ್ಟನ್ನು ಎಳೆದು ಎಬ್ಬಿಸುವ ತೊಡೆದೇವು ಸಾಗರ, ಸಿದ್ದಾಪುರ, ಶಿರಸಿಯ ಅಂಗಡಿಗಳಲ್ಲಿ ಸಿಗುತ್ತದೆ. ಕಾರಿನಲ್ಲಿ ತಗ್ಗುದಿಣ್ಣೆಗೆ ಪುಡಿಯಾಗದಂತೆ ಬಟ್ಟೆಗಳ ನಡುವೆ ಇಟ್ಟುಕೊಳ್ಳಿ. ಅಪ್ಪೆಮಿಡಿ ಉಪ್ಪಿನಕಾಯಿಗೆ ಎರಡೆರಡು ಮುಚ್ಚಳವಿರುವ ಡಬ್ಬಿಯನ್ನು ಮನೆಯಿಂದಲೇ ಒಯ್ಯಿರಿ.

ಮರಳುವಾಗ ಬಂದ ದಾರಿಯಲ್ಲೇ ಬರಬೇಕೆಂದಿಲ್ಲ. ಇನ್ನೊಂದು ದಿನ ಕೈಯಲ್ಲಿದ್ದರೆ ಗೇರುಸೊಪ್ಪೆ ಘಟ್ಟ ಇಳಿದು ಹೊನ್ನಾವರಕ್ಕೆ ಹೋಗಿ, ಸುಮಾರು 60 ಕಿ.ಮೀ. ಜೋಗದಲ್ಲಿ ಬಿದ್ದ ಶರಾವತಿ ಕಣಿವೆಯೊಳಗೆ ನಿಮ್ಮ ಜತೆಜತೆಗೇ ಇಳಿದು ಸಮುದ್ರ ಸೇರುವುದು ಅಲ್ಲೇ. ಈ ಘಟ್ಟದ ಕಾಡಿನಲ್ಲಿ ಅದೃಷ್ಟವಿದ್ದರೆ ಸಿಂಗಳೀಕ ಕಾಣಿಸುತ್ತದೆ, ಕಾರು ನಿಲ್ಲಿಸಿದರೂ ಬಾಗಿಲು ತೆಗೆಯಬೇಡಿ. ಕೆಳಗೆ ಗೇರುಸೊಪ್ಪೆಯಲ್ಲಿ ಹೊಳೆಯಾಚೆ ಕಾಡಿನ ನಡುವೆ ನಾಲ್ಕು ದಿಕ್ಕಿಗೂ ಬಾಗಿಲಿರುವ ಚತುರ್ಮುಖ ಬಸದಿ ಇದೆ. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿ ಆಳಿದ ಊರು ಇದು. ಭಾರಿ ಮಳೆಯ ದಿನಗಳಲ್ಲಿ ಘಟ್ಟದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವುದುಂಟು. ಜೋಗ ಬಿಡುವ ಮುಂಚೆ ಹೊನ್ನಾವರದ ಕಡೆಯಿಂದ ಬಂದ ಬಸ್ಸಿನ ಚಾಲಕರನ್ನೇ ಕೇಳುವುದು ಒಳ್ಳೆಯದು. ಹೊನ್ನಾವರದಿಂದ ಬೆಂಗಳೂರಿಗೆ 450 ಕಿ.ಮೀ. ದಾಟುತ್ತದೆ. ಅದನ್ನು ಒಂದೇ ದಿನದಲ್ಲಿ ಓಡಿಸುವ ಬದಲು ಮತ್ತೆ ಘಟ್ಟ ಹತ್ತಿ ರಾತ್ರಿ ಶಿವಮೊಗ್ಗದಲ್ಲಿ ತಂಗಿ, ಮರುದಿನ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರಬಹುದು.